ಅಳಿಲನ್ನು ಕತ್ತರಿಸಿದ ಆಡಿ ತಿಂಗಳು

1973ರಲ್ಲಿ ನಾನು ಸೇಲಂ ಅಮ್ಮಾಪೇಟೆಯ ಸೀರೆ ಏಜೆಂಟರೊಬ್ಬರ ಶೆಡ್ಡಿನಲ್ಲಿ ಅಟ್ಟೆ ಹೊಡೆಯುವ ಕೆಲಸಕ್ಕಿದ್ದೆ. ನಾನು ಓದಿದ್ದು ನಂಗವಳ್ಳಿಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ, ಅದೂ ತಮಿಳಿನಲ್ಲಿ; ಕನ್ನಡ ನಮಗೆ ಮನೆಮಾತು ಮಾತ್ರ. ಕನ್ನಡ ಅಕ್ಷರ ಕಲಿಸಿದವರು ನನ್ನ ಮಾವ, ಅಂದರೆ ನಿಮ್ಮ ತಾತನ ಅಪ್ಪ. ಅಟ್ಟೆ ಹೊಡೆಯುವುದನ್ನು ಕಲಿಸಿದವರೂ ಅವರೇ. ಮೊಮ್ಮಕ್ಕಳಲ್ಲಿ ಕನ್ನಡ ಓದಲು ಬರುವವರು ಬಾರದವರಿಗೆ ಇದನ್ನು ಓದಿ ಹೇಳಿ.

ಮೊನ್ನೆ ನಮ್ಮ ಕವಿತಾ ಆಫೀಸಿನ ಕೆಲಸವನ್ನು ಮನೆಗೆ ತಂದಿದ್ದಳು. ಯಾವುದೋ ಮಷೀನಿನ ಹೆಸರು ಬದಲಾಗಿತ್ತಂತೆ. ಆ ಹೆಸರು ಇದ್ದ ಫೈಲುಗಳಲ್ಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಒಂದೊಂದೇ ಫೈಲು ತೆರೆಯದೆ, ಶೆಲ್ ಸ್ಕ್ರಿಪ್ಟ್ ಎಂಬ ನಾಲ್ಕು ಸಾಲು ಬರೆದು ಒಂದು ಗುಂಡಿ ಒತ್ತಿದಳು. "ಮುಗೀತಜ್ಜಿ, ಎಲ್ಲಾ ಕಡೆ ಮಾರಿಪೋಚ್ಚು!" ಎಂದಳು, ಎಲ್ಲ ಕಡೆ ಬದಲಾಯಿತು ಎಂದು. "ಹಳೇದನ್ನ ಎತ್ತಿಟ್ಟಿದ್ದೀಯೇನೆ?" ಎಂದು ಕೇಳಿದೆ. "ಅದ್ಯಾಕಜ್ಜಿ ಈಗ?" ಎಂದು ನಕ್ಕಳು. ಯಾಕೆಂಬುದು ಬಾಯಲ್ಲಿ ಹೇಳಿ ಮುಗಿಯುವ ಮಾತಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಅಟ್ಟೆ ಎಂದರೇನು ಎಂದು ಹೇಳಬೇಕು. ಮಗ್ಗದ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆ ಇರುತ್ತದೆ. ನಮ್ಮದರಲ್ಲಿ 240 ಕೊಕ್ಕೆಗಳಿದ್ದವು. ಒಂದೊಂದು ಕೊಕ್ಕೆಯೂ ತನಗೆ ಕಟ್ಟಿದ ಹಾಸಿನ ಎಳೆಗಳನ್ನು ಮೇಲಕ್ಕೆತ್ತುತ್ತದೆ. ಯಾವುದು ಎತ್ತಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವುದು ಅಟ್ಟೆ, ಅಂದರೆ ತೂತು ಹೊಡೆದ ದಪ್ಪ ರಟ್ಟಿನ ಪಟ್ಟಿ. ತೂತಿದ್ದರೆ ಕೊಕ್ಕೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಲಾಳಿ ಒಂದು ಸಲ ಓಡುವುದಕ್ಕೆ ಒಂದು ಅಟ್ಟೆ. ಒಂದು ಸೆರಗಿಗೆ ಬೇಕಾದ ನೂರಾರು ಅಟ್ಟೆಗಳನ್ನು ದಾರದಿಂದ ಹೊಲಿದು ಮಾಲೆ ಮಾಡುತ್ತೇವೆ. ಸೀರೆಯ ಚಿತ್ರವೆಲ್ಲ ಆ ಮಾಲೆಯೊಳಗೇ ಇರುತ್ತದೆ. ಮಾಲೆ ಹೋದರೆ ಚಿತ್ರವೂ ಹೋಯಿತು.

ನಮ್ಮ ಬೀದಿಯಲ್ಲಿ ಒಂದು ರೂಢಿ ಇತ್ತು. ಪ್ರತಿ ಮನೆಯವರೂ ಸೆರಗಿನ ಒಂದು ಮೂಲೆಯಲ್ಲಿ ತಮ್ಮ ಗುರುತನ್ನು ನೇಯುತ್ತಿದ್ದರು. ಎದುರುಮನೆಯವರದು ಗಿಳಿ, ಕೊನೆಯ ಮನೆಯವರದು ಬಾವಿಯ ರಾಟೆ. ನಮ್ಮದು ಅಳಿಲು, ಹೆಬ್ಬೆರಳಿನಷ್ಟು ದೊಡ್ಡದು, ಹಿಂಗಾಲ ಮೇಲೆ ಕೂತು ಏನನ್ನೋ ತಿನ್ನುತ್ತಿರುವಂಥದ್ದು. ಅದನ್ನು ಬರೆದವರು ನನ್ನ ಮಾವ. ನಾನು ಮದುವೆಯಾಗಿ ಬಂದ ಎರಡನೆಯ ವರ್ಷವೇ ಅವರು ತೀರಿಕೊಂಡರು. ಏರ್ಕಾಡು ಬೆಟ್ಟದ ಕಾಫಿ ಎಸ್ಟೇಟುಗಳಿಂದ ಬಸ್ಸಿನಲ್ಲಿ ಇಳಿದು ಬರುವ ಹೆಂಗಸರು ಏಜೆಂಟರ ಅಂಗಡಿಗೆ ಹೋಗದೆ, "ಅಣಿಲ್ ಸೀಲೆ ಯಾರ್ ವೀಟ್ಲ?" ಎಂದು ಕೇಳಿಕೊಂಡು ನೇರವಾಗಿ ನಮ್ಮ ಜಗಲಿಗೆ ಬಂದು, ನಾವು ಸ್ವಂತ ನೂಲಿನಿಂದ ನೇಯ್ದದ್ದನ್ನು ಕೊಳ್ಳುತ್ತಿದ್ದರು. ಅಳಿಲಿನ ಸೀರೆ ಯಾರ ಮನೆಯಲ್ಲಿ ಎಂದು ಅವರು ಕೇಳುತ್ತಿದ್ದುದು ಏಜೆಂಟರ ಹೊಟ್ಟೆಯೊಳಗೆ ಬೆಂಕಿಯಾಗಿತ್ತು ಎಂದು ನಮಗೆ ತಡವಾಗಿ ತಿಳಿಯಿತು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮಗ್ಗಕ್ಕೆ ಬಿಡುವು. ಆಗ ಎಲ್ಲ ಮನೆಯವರೂ ತಮ್ಮ ಮಾಲೆಗಳನ್ನು ದುರಸ್ತಿಗೆಂದು ಶೆಡ್ಡಿಗೆ ತಂದುಕೊಡುತ್ತಿದ್ದರು. ಹರಿದ ಅಟ್ಟೆಯನ್ನು ಬದಲಿಸುವುದು, ಸವೆದ ದಾರವನ್ನು ಮತ್ತೆ ಹೊಲಿಯುವುದು ನಮ್ಮ ಕೆಲಸ. ಮಾಲೆ ಮನೆಯವರದು, ಶೆಡ್ಡು ಏಜೆಂಟರದು. ನಂಬಿ ಕೊಡುತ್ತಿದ್ದರು. ಆ ನಂಬಿಕೆಯೇ ನಮ್ಮ ಕುತ್ತಿಗೆಗೆ ಬಂತು.

ಆ ವರ್ಷ ಮಾಲೆಗಳೆಲ್ಲ ಬಂದು ಸೇರಿದ ಮೇಲೆ ಏಜೆಂಟರು ಶೆಡ್ಡಿನ ನಡುವೆ ನಿಂತು, "ಈ ದೀಪಾವಳಿಯಿಂದ ಅಳಿಲು ಗಿಳಿ ಎಲ್ಲಾ ಬ್ಯಾಡ. ಎಲ್ಲಾ ಸೀರೆಗೂ ನಮ್ಮಂಗಡಿ ನಕ್ಷತ್ರ. ಸ್ಟಾರ್! ಸ್ಟಾಂಡರ್ಡಾ ಇರ್ಲಿ" ಎಂದರು.

ಗುರುತು ಬದಲಿಸುವುದಕ್ಕೆ ಸರಿಯಾದ ರೀತಿ ಇತ್ತು. ಮಾಲೆಯಲ್ಲಿ ಗುರುತು ಇರುವ ಅಟ್ಟೆಗಳು ಕೆಲವೇ. ಅವನ್ನು ಹುಡುಕಿ ಬಿಚ್ಚಿ, ಹಳೆಯವನ್ನು ಕಟ್ಟಿಟ್ಟು, ಹೊಸ ಅಟ್ಟೆ ಹೊಡೆದು ಸೇರಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಏಜೆಂಟರು ಬೇರೆ ಉಪಾಯ ಮಾಡಿದ್ದರು. ಗುರುತು ಬರುವುದು ಅಟ್ಟೆಯ ಒಂದು ತುದಿಯಲ್ಲಿ ತಾನೇ? ಎಲ್ಲ ಮಾಲೆಯ ಎಲ್ಲ ಅಟ್ಟೆಗಳ ಆ ತುದಿಯನ್ನೂ ಒಂದೇ ಅಳತೆಗೆ ಕತ್ತರಿಯಿಂದ ಕತ್ತರಿಸಿಬಿಡುವುದು. ನಕ್ಷತ್ರ ಬರುವ ಕಡೆ ನಕ್ಷತ್ರದ ತುಂಡು, ಮಿಕ್ಕ ಕಡೆಯೆಲ್ಲ ತೂತಿಲ್ಲದ ಬೋಳು ತುಂಡು ಅಂಟಿಸುವುದು. ಅಳತೆಗೆಂದು ಒಂದು ತಗಡನ್ನೂ ಕತ್ತರಿಸಿ ತಂದಿದ್ದರು. "ಹುಡುಕೋ ಕೆಲಸಾನೆ ಇಲ್ಲ, ಕಣ್ಮುಚ್ಕೊಂಡು ಮಾಡ್ಬೌದು" ಎಂದರು.

ಆ ತುದಿಯಲ್ಲಿ ಇದ್ದುದು ಗುರುತು ಮಾತ್ರವಲ್ಲ. ಗುರುತಿಲ್ಲದ ಅಟ್ಟೆಗಳಲ್ಲೂ ಅಲ್ಲಲ್ಲಿ ಒಂದೊಂದು ತೂತು ಇರುತ್ತದೆ. ಅದನ್ನು ಕಟ್ಟು ಎನ್ನುತ್ತೇವೆ. ಜರಿ ಎಳೆ ಸಡಿಲವಾಗದಂತೆ ನಡುನಡುವೆ ಹಿಡಿದು ಕೂರಿಸುವುದು ಆ ಕಟ್ಟು. ಅದು ಇಲ್ಲದಿದ್ದರೆ ಸೆರಗಿನ ಮೂಲೆಯಲ್ಲಿ ಜರಿ ಹಿಡಿತವಿಲ್ಲದೆ ನೇತಾಡುತ್ತದೆ. ಇದು ನೇಕಾರರ ಮನೆಯ ಮಕ್ಕಳಿಗೂ ಗೊತ್ತು. ಶೆಡ್ಡಿನಲ್ಲಿದ್ದ ನಮಗೆಲ್ಲ ಗೊತ್ತಿತ್ತು.

ಗಂಡಸರ ಮುಂದೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಅವತ್ತು ನೆಲ ನೋಡಿಕೊಂಡೇ, "ಅಣ್ಣಾ, ಒಂದು ಮಾಲೆ ಮಾತ್ರ ಮಾಡಿ, ಒಂದು ಸೆರಗು ನೇಯ್ದು ನೋಡೋಣ. ಕಟ್ಟು ಓಗ್ಬಿಡ್ತದೆ" ಎಂದೆ.

ತಿಳಿಯದೆ ಮಾಡಿದ್ದರೆ ಆ ಮನುಷ್ಯನನ್ನು ನಾನು ಎಂದೋ ಮರೆಯುತ್ತಿದ್ದೆ. ಅವರೂ ನೇಕಾರರ ಮನೆಯಲ್ಲೇ ಹುಟ್ಟಿದವರು. ಅವರು ನಕ್ಕು ಹೇಳಿದ್ದು ಇಷ್ಟು: "ಕಟ್ಟು ಓಗೋದು ನಂಗೆ ಗೊತ್ತಿಲ್ವೇನಮ್ಮಾ? ಸೆರಗಿನ ಮೂಲೆ ಸೊಂಟಕ್ಕೆ ತಾನೆ ಸಿಗ್ಸೋದು. ಯಾರು ಪಾಕ್ಕ ಪೋರಾಂಗ?"

ಯಾರು ನೋಡುತ್ತಾರೆ! ಈ ಮಾತನ್ನು ನಾನು ಇವತ್ತಿಗೂ ಜೀರ್ಣಿಸಿಕೊಂಡಿಲ್ಲ.

ನಾನು ಕತ್ತರಿ ಕೆಳಗಿಟ್ಟೆ. ನಾನು ಇಟ್ಟರೆ ಕೆಲಸ ನಿಲ್ಲುತ್ತದೆಯೇ? ಬೇರೆ ಆಳುಗಳು ಬಂದರು. ನಮ್ಮ ಮಾಲೆಯನ್ನಾದರೂ ಕೊಡಿ ಎಂದು ನಿಮ್ಮ ತಾತ ಕೇಳಲು ಹೋದಾಗ ಅದರ ಮೇಲೆ ಕತ್ತರಿ ಓಡಿ ಆಗಿತ್ತು. ಕತ್ತರಿಸಿದ ತುದಿಗಳನ್ನಾದರೂ ಮನೆ ಮನೆಗೆ ಬೇರೆ ಬೇರೆ ಕಟ್ಟಿಟ್ಟಿದ್ದರೆ ಮತ್ತೆ ಅಂಟಿಸಬಹುದಾಗಿತ್ತು. ಎಲ್ಲವನ್ನೂ ಒಟ್ಟಿಗೆ ಗುಡಿಸಿ, ನೂಲಿಗೆ ಗಂಜಿ ಬೇಯಿಸುವ ಒಲೆಗೆ ತುಂಬಿದ್ದರು. ನಿಮ್ಮ ತಾತ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತರು. "ಅಪ್ಪ ಬರ್ದಿದ್ದು ಗಂಜಿ ಕಾಸೋಕೆ ಆಯ್ತು" ಎಂದರು.

ಮಗ್ಗ ಹೂಡಿದ ಮೊದಲ ಸೆರಗಿನಲ್ಲೇ ಜರಿ ನೇತಾಡಿತು. ಎಲ್ಲ ಮನೆಯವರೂ ಹೋಗಿ ಹೇಳಿದರು. ದೀಪಾವಳಿಯ ನೇಯ್ಗೆಗೆ ನೂಲೂ ಜರಿಯೂ ಏಜೆಂಟರದು, ನಿಲ್ಲಿಸುವಂತಿರಲಿಲ್ಲ. "ನೇಯಿರಿ, ಅದೆಲ್ಲ ನಾನ್ ನೋಡ್ಕೋತೀನಿ" ಎಂಬ ಉತ್ತರ ಬಂತು. ನೇಯ್ದರು. ದೀಪಾವಳಿ ಕಳೆದ ಮೇಲೆ ಏರ್ಕಾಡಿನಿಂದ ಸೀರೆಗಳು ಗಂಟುಗಂಟಾಗಿ ಹಿಂದಕ್ಕೆ ಬಂದವು. ಕೆಲಸ ಮಾಡುವ ಹೆಂಗಸರು ಸೆರಗಿನ ಮೂಲೆಯನ್ನೇ ಹಿಡಿದು ಎಳೆದು ಸಿಕ್ಕಿಸುತ್ತಾರೆ. ಆ ಜರಿ ಬಳೆಗೆ ಸಿಕ್ಕಿ, ಬೀಗದ ಕೈಗೆ ಸಿಕ್ಕಿ ಚಿಂದಿಯಾಗಿತ್ತು.

ಆಗ ಏಜೆಂಟರು ಬೀದಿಯವರನ್ನೆಲ್ಲ ಸೇರಿಸಿ, ತಪ್ಪು ನೇಕಾರರದು, ಕೈ ಸಡಿಲವಾಗಿದೆ ಎಂದರು. ನಮ್ಮ ಅತ್ತೆ ನಿಂಗಮ್ಮ ಅಲ್ಲಿದ್ದರು. ಅವರ ಬಾಯಿಗೆ ಊರೇ ಹೆದರುತ್ತಿತ್ತು. ಒಂದು ಹರಿದ ಸೀರೆಯನ್ನು ತಂದು ಏಜೆಂಟರ ಕುರ್ಚಿಯ ಮೇಲೆ ಹಾಸಿದರು.

"ಕೂತ್ಕೊಳಪ್ಪಾ ಏಜೆಂಟು. ನಿನ್ ನಕ್ಷತ್ರದ ಮ್ಯಾಲೆ ಕೂತ್ಕೊ. ಏಳುವಾಗ ಜರಿ ಸಿಕ್ಕೊಂಡು ವೇಷ್ಟಿ ಬಿಚ್ಕೊಂಡ್ರೆ, ಅದೂ ನೇಕಾರ್ರ ತಪ್ಪು ಅನ್ನು."

ಜನ ನಕ್ಕರು. ಏಜೆಂಟರು ಮುಖ ಕೆಂಪಗೆ ಮಾಡಿಕೊಂಡು, "ದೊಡ್ಡಮ್ಮಾ, ಮರ್ಯಾದೆ!" ಎಂದರು.

"ಮರ್ಯಾದೆ ಕೊಡ್ತೀನಿ. ನಮ್ ಅಳಿಲು ಕೊಡು."

"ಸುಟ್ಟೋದದ್ದನ್ನ ಎಲ್ಲಿಂದ ತರ್ಲಿ?" ಎಂದು ಕೈ ಝಾಡಿಸಿ ಎದ್ದು ಹೋದರು. ಅವರು ಯಾರಿಗೂ ಉತ್ತರ ಹೇಳಬೇಕಾಗಿ ಬರಲಿಲ್ಲ. ಅಂಗಡಿಗೆ ಮರು ವರ್ಷ ಹೊಸ ಬೋರ್ಡು ಬಂತು, ನಕ್ಷತ್ರದ್ದೇ.

ಆ ದಿನ ಮನೆಗೆ ಬಂದವರೇ ಅತ್ತೆ ತಮ್ಮ ಟ್ರಂಕನ್ನು ತೆರೆದರು. ಅದರ ತಳದಲ್ಲಿ ಒಂದು ಕೆಂಪು ಸೀರೆ ಇತ್ತು. ಅಳಿಲಿನ ಮಾಲೆಯಿಂದ ಮಾವ ನೇಯ್ದ ಮೊದಲ ಸೀರೆ. ತಾವು ಸತ್ತಾಗ ಹೊದಿಸಬೇಕು ಎಂದು ಎತ್ತಿಟ್ಟುಕೊಂಡಿದ್ದರು. ನಾವು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

"ಅಮ್ಮಣ್ಣಿ, ಇದ್ರಿಂದ ಅಟ್ಟೆ ಹೊಡೀಬೌದಾ?" ಎಂದು ನನ್ನನ್ನು ಕೇಳಿದರು.

ಆಗುತ್ತದೆ, ಆದರೆ ಕಟ್ಟು ಎಲ್ಲೆಲ್ಲಿದೆ ಎಂದು ಮೇಲಿನಿಂದ ಕಾಣುವುದಿಲ್ಲ, ಆ ಮೂಲೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಬೇಕಾಗುತ್ತದೆ ಎಂದೆ. ಬಿಚ್ಚಿದರೆ ಅಳಿಲು ಹೋಗುತ್ತದೆ ಎಂದು ನಾನು ಹೇಳಬೇಕಾಗಲಿಲ್ಲ. ಅವರಿಗೇ ಗೊತ್ತಾಯಿತು.

"ಸತ್ತ್ ಮ್ಯಾಲೆ ನಾನೇನು ಸೆರಗು ನೋಡ್ಕೊಂಡು ಕೂತಿರ್ತೀನಾ? ಬಿಚ್ಚು."

ಬಾಗಿಲ ಬೆಳಕಿನಲ್ಲಿ ಅತ್ತೆ ಸೀರೆ ಹಿಡಿದು ಕೂತರು. ನಾನು ಸೂಜಿಯಿಂದ ಎಳೆ ಎತ್ತಿ ನೋಡಿ ಹೇಳುತ್ತಿದ್ದೆ, ನಿಮ್ಮ ತಾತ ಚೌಕುಳಿ ಕಾಗದದ ಮೇಲೆ ಚುಕ್ಕೆ ಇಡುತ್ತಿದ್ದರು. ಮೊದಲು ಬಾಲ ಹೋಯಿತು, ಆಮೇಲೆ ಬೆನ್ನು. ಮೂತಿಯ ಹತ್ತಿರ ಬಂದಾಗ ಅತ್ತೆ, "ತಡಿ" ಎಂದು ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು. ಆಮೇಲೆ "ಊಂ" ಎಂದರು.

ಅಟ್ಟೆಗಳನ್ನು ಎರಡು ಜೊತೆ ಹೊಡೆದೆ. ಒಂದನ್ನು ಮಗ್ಗಕ್ಕೆ ಏರಿಸಿದೆವು, ಒಂದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆವು. ಆ ಏಜೆಂಟರ ನೂಲನ್ನು ನಮ್ಮ ಮನೆಯವರು ಮತ್ತೆ ಮುಟ್ಟಲಿಲ್ಲ. ಮೂರು ವರ್ಷದ ಮೇಲೆ ಅತ್ತೆ ತೀರಿಕೊಂಡಾಗ ಹೊದಿಸಿದ್ದು ಅದೇ ಕೆಂಪು ಸೀರೆಯನ್ನು. ಅಳಿಲಿದ್ದ ಹೊಸ ಸೀರೆಯೊಂದು ಮನೆಯಲ್ಲಿತ್ತು. ಆದರೂ ಮೂಲೆ ಬಿಚ್ಚಿದ ಸೀರೆಯೇ ಬೇಕು ಎಂದು ಮೊದಲೇ ಹೇಳಿಟ್ಟಿದ್ದರು.

ಬದಲಿಸಬಾರದು ಎಂದು ನಾನು ಹೇಳುವುದಿಲ್ಲ, ಕವಿತಾ. ನಿನ್ನ ಕೆಲಸದಲ್ಲಿ ಬದಲಿಸದೆ ಆಗದು, ನಮ್ಮದರಲ್ಲೂ ಹಾಗೆಯೇ. ಒಂದೇ ಏಟಿಗೆ ಎಲ್ಲ ಕಡೆ ಬದಲಿಸುವ ಕೈಗೆ ಮೂರು ಕಟ್ಟಳೆ ಬೇಕು ಎಂದು ಆ ಶೆಡ್ಡು ನನಗೆ ಕಲಿಸಿತು. ಅದೇ ಜಾಗದಲ್ಲಿ ಬೇರೆ ಏನೇನು ಕೂತಿದೆ ಎಂದು ನೋಡಬೇಕು. ಒಂದರ ಮೇಲೆ ಮಾಡಿ ನೋಡಬೇಕು. ಹಳೆಯದನ್ನು ಎತ್ತಿಡಬೇಕು. ಬೇರೆಯವರು ನಂಬಿ ಕೊಟ್ಟದ್ದಾದರಂತೂ ಎತ್ತಿಡದೆ ಮುಟ್ಟಲೇಬಾರದು.

ನಮ್ಮ ಟ್ರಂಕಿನಲ್ಲಿ ಒಂದು ಸೀರೆ ಇತ್ತು. ಎದುರುಮನೆಯಲ್ಲಿ ಇರಲಿಲ್ಲ. ನೇಯ್ದದ್ದನ್ನೆಲ್ಲ ಮಾರಿದ್ದರು. ಅವರ ಗಿಳಿ ಹೇಗಿತ್ತು ಎಂದು ಈಗ ಬೀದಿಯಲ್ಲಿ ಕೇಳಿದರೆ, ರೆಕ್ಕೆ ಮಡಚಿತ್ತು ಎಂದು ಒಬ್ಬರು ಹೇಳುತ್ತಾರೆ, ಬಿಚ್ಚಿತ್ತು ಎಂದು ಇನ್ನೊಬ್ಬರು.