ಅರ್ಧ ಗೆರೆ ಮೇಲೆ, ಅರ್ಧ ಗೆರೆ ಕೆಳಗೆ

ಟೈಪಕ್ಕನಿಗೆ ನರದ ಕಾಯಿಲೆ ಇದೆಯೆಂದು ಈ ಬರಹಗಾರ ಬಹಳ ದಿನ ನಂಬಿದ್ದ. ಕಾಲೇಜಿನ ಗೇಟಿನೆದುರಿನ ಪುಟ್ಟ ಅಂಗಡಿಯಲ್ಲಿ ಅವರು ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡುತ್ತಿರುವಾಗ, ಇದ್ದಕ್ಕಿದ್ದಂತೆ ಎಡಗೈ ಗಾಳಿಗೆ ಎದ್ದು, ಕಾಣದ ನಲ್ಲಿಯೊಂದನ್ನು ತಿರುವಿದಂತೆ ಹೊರಳಿ, ಮತ್ತೆ ಕೀಲಿಮಣೆಗೆ ಇಳಿಯುತ್ತಿತ್ತು. ಒಳ್ಳೆಯ ಡಾಕ್ಟರರ ವಿಳಾಸ ಬರೆದುಕೊಟ್ಟು, ಉಪಕಾರ ಮಾಡಿದ ಹೆಮ್ಮೆಯಲ್ಲಿ ಅವನು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದ್ದೂ ಉಂಟು. ಆ ಚೀಟಿಯ ಹಿಂಬದಿಯಲ್ಲಿ ಟೈಪಕ್ಕ ಯಾರದೋ ಪ್ರಬಂಧದ ಪುಟಸಂಖ್ಯೆ ಗುರುತು ಹಾಕಿಕೊಂಡರು.

ಅದು ಕಾಯಿಲೆಯಲ್ಲ, ಮೂವತ್ತು ವರ್ಷದ ಅಭ್ಯಾಸ. ಹಳೆಯ ಟೈಪ್‌ರೈಟರಿನಲ್ಲಿ ಒಂದು ಅಂಕಿಯನ್ನು ಸಾಲಿಗಿಂತ ಮೇಲೆ ಕೂರಿಸಬೇಕಾದರೆ ಪಕ್ಕದ ಗುಂಡಿ ತಿರುವಿ ಕಾಗದವನ್ನು ಅರ್ಧ ಗೆರೆ ಸರಿಸಬೇಕು, ಅಂಕಿ ಹೊಡೆಯಬೇಕು, ಮತ್ತೆ ಗುಂಡಿ ತಿರುವಿ ಕಾಗದವನ್ನು ಮನೆಗೆ ಕರೆತರಬೇಕು. ಈಗ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಅಂಕಿ ತಾನೇ ಮೇಲೇರುತ್ತದೆ, ಎರಡು ಒತ್ತಿದರೆ ಕೆಳಗಿಳಿಯುತ್ತದೆ. ಆದರೆ ಕೈಗೆ ಯಾರೂ ಆ ಸುದ್ದಿ ತಿಳಿಸಿರಲಿಲ್ಲ.

ಅವರಿಗೆ ಇನ್ನೊಂದು ಅಭ್ಯಾಸವೂ ಇತ್ತು. ಯಾವ ಪ್ರಬಂಧ ಬಂದರೂ ಒಂದು ಪ್ರತಿ ಮುದ್ರಿಸಿ, ಮೇಲೇರಿದ ಪ್ರತಿಯೊಂದು ಅಂಕಿಗೂ ಕೆಂಪು ಪೆನ್ಸಿಲ್, ಕೆಳಗಿಳಿದದ್ದಕ್ಕೆ ನೀಲಿ ಪೆನ್ಸಿಲ್ ಸುತ್ತು ಹಾಕಿ, ಮೊದಲ ಹಾಳೆಯ ಮೂಲೆಯಲ್ಲಿ ಒಟ್ಟು ಎಷ್ಟೆಂದು ಬರೆದಿಡುತ್ತಿದ್ದರು. ಬೈಂಡಿಂಗ್ ಮಾಡುತ್ತಿದ್ದ ಅವರ ಯಜಮಾನರು ಇದನ್ನು ನೋಡಿ, "ಕುರಿ ಎಣಿಸ್ತಾ ಇದೀಯೇನೇ?" ಎಂದು ಕಿಚಾಯಿಸುತ್ತಿದ್ದರು.

"ಕುರಿಯಾದ್ರೆ ತಪ್ಪಿಸಿಕೊಂಡಾಗ ಕೂಗುತ್ತೆ ಕಣ್ರೀ. ಇವು ಕೂಗಲ್ಲ."

ಆ ದಿನ ಮಧ್ಯಾಹ್ನ ಎರಡು ಗಂಟೆಗೆ ಮೇಡಂ ಓಡಿಬಂದರು. ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಈ ಮೇಡಂ ಆರು ವರ್ಷದಿಂದ ಊರಿನ ಕುಡಿಯುವ ನೀರಿನ ತೊಟ್ಟಿಗಳ ಮೇಲೆ ಸಂಶೋಧನೆ ನಡೆಸಿದ್ದವರು. ಪ್ರಬಂಧದ ನಾಲ್ಕು ಪ್ರತಿ ಸಂಜೆ ಐದರೊಳಗೆ ಎದುರಿನ ಕಚೇರಿಗೆ ಸೇರದಿದ್ದರೆ ನೋಂದಣಿ ರದ್ದು. ಗಡುವನ್ನು ಒಮ್ಮೆ ಮುಂದೂಡಿ ಆಗಿತ್ತು. ಇನ್ನೊಮ್ಮೆ ಇಲ್ಲವೆಂದು ಕಚೇರಿ ಬರೆದು ತಿಳಿಸಿತ್ತು. ಹಿಂದೆಯೇ ಅವರ ಮಾರ್ಗದರ್ಶಕ ಪ್ರೊಫೆಸರರೂ, ಮದುವೆಗೆ ಬಂದ ಹಿರಿಯರ ಗತ್ತಿನಲ್ಲಿ ಒಳಗೆ ಬಂದರು.

"ಅಕ್ಕಾ, ಸ್ವಲ್ಪ ನೋಡಿ," ಎಂದು ಮೇಡಂ ಪೆನ್ ಡ್ರೈವ್ ಚಾಚಿದರು.

ಟೈಪಕ್ಕ ಕಡತ ತೆರೆದರು. ಮುನ್ನೂರು ಪುಟ. ಪ್ರತಿ ಸಾಲೂ ಇಸ್ತ್ರಿ ಹೊಡೆದಂತೆ ಚಪ್ಪಟೆ. H₂O ಇದ್ದದ್ದು H2O. 10⁵ ಇದ್ದದ್ದು 105.

"ಯಾರು ಮಾಡಿದ್ದು ಇದನ್ನ?"

"ಅಕ್ಷರದ ಅಳತೆ ಅಲ್ಲೊಂದು ಇಲ್ಲೊಂದು ಥರ ಇತ್ತು," ಎಂದರು ಪ್ರೊಫೆಸರ್. "ಎಲ್ಲಾ ಸೆಲೆಕ್ಟ್ ಮಾಡಿ, ಒಂದೇ ಒಂದು ಬಟನ್ ಒತ್ತಿದೆ. ಶಿಸ್ತಾಗಿ ಬಂತು."

"ಬೇರೆ ಪ್ರತಿ ಇಟ್ಟಿದೀರಾ ಸರ್?"

"ಗೊಂದಲ ಆಗಬಾರದು ಅಂತ ಹಳೇದನ್ನ ಅಳಿಸಿಬಿಟ್ಟೆ."

ಟೈಪಕ್ಕನ ಕಂಪ್ಯೂಟರಿನಲ್ಲಿದ್ದ ಪ್ರತಿ ತಿಂಗಳ ಹಿಂದಿನದು. ಆಮೇಲೆ ಎರಡು ಅಧ್ಯಾಯ ಪೂರಾ ಬದಲಾಗಿದ್ದವು. ಆದರೆ ಕಪಾಟಿನಲ್ಲಿ, ಮೊನ್ನೆಯಷ್ಟೇ ಇದೇ ಪೆನ್ ಡ್ರೈವಿನಿಂದ ಮುದ್ರಿಸಿ ಪೆನ್ಸಿಲ್ ಸುತ್ತು ಹಾಕಿದ ಕಾಗದದ ಪ್ರತಿಯಿತ್ತು.

"ಎಷ್ಟು ಹೊತ್ತು ಬೇಕು ನಿಮಗೆ?" ಎಂದು ಟೈಪಕ್ಕ ಯಜಮಾನರನ್ನು ಕೇಳಿದರು.

"ಪ್ರಿಂಟಿಗೂ ಬೈಂಡಿಂಗಿಗೂ ಸೇರಿ ಮುಕ್ಕಾಲು ಗಂಟೆ. ಗೋಂದು ಒಣಗಬೇಕಲ್ಲ, ಅದಕ್ಕೆ ನಿನ್ನ ಅವಸರ ಗೊತ್ತಾಗಲ್ಲ."

ಅಂದರೆ ನಾಲ್ಕಕ್ಕೆ ಕಡತ ಕೈಬಿಡಬೇಕು. ಗೋಡೆ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

"ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ?" ಎಂದ ಪ್ರೊಫೆಸರ್, ಟೈಪಕ್ಕ ಕಾಗದ ತರಲು ಎದ್ದ ಗಳಿಗೆಯಲ್ಲೇ ಅವರ ಕುರ್ಚಿಗೆ ಇಳಿದರು. "ಎಲ್ಲಾ ಎರಡನ್ನೂ ಒಟ್ಟಿಗೆ ಕೆಳಗಿಳಿಸಿದ್ರೆ ಆಯ್ತು."

ಒತ್ತಿಯೇಬಿಟ್ಟರು. ತೆರೆಯ ಮೇಲೆ 2012ನೇ ಇಸವಿಯ ಎರಡು ಎರಡುಗಳೂ ಹೊಂಡಕ್ಕೆ ಬಿದ್ದವು. ಇಪ್ಪತ್ತೆರಡನೇ ಪಟ್ಟಿ ಪೂರ್ತಿ ಮುಳುಗಿತು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು.

ಟೈಪಕ್ಕ ಪ್ರೊಫೆಸರರ ಭುಜದ ಮೇಲಿಂದ ಕೈ ಚಾಚಿ, ಮಾಡಿದ್ದನ್ನು ಹಿಂತೆಗೆದರು. "ಸರ್, ನೀವು ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಅದು ಗಟ್ಟಿಯಾಗಿದೆ."

ಮೊದಲು ರಾಸಾಯನಿಕಗಳ ಹೆಸರು. ಒಂದನ್ನು ಸರಿಯಾಗಿ ಟೈಪ್ ಮಾಡಿ, ಅದನ್ನೇ ನಕಲಿಸಿ, ಚಪ್ಪಟೆಯಾದ ಕಡೆಯಲ್ಲೆಲ್ಲ ಕೂರಿಸಿದರು. ಎರಡೂವರೆಯ ಹೊತ್ತಿಗೆ ನೀಲಿ ಸುತ್ತುಗಳೆಲ್ಲ ಮುಗಿದವು. ಉಳಿದದ್ದು ಕೆಂಪು: ಇನ್ನೂರ ನಲವತ್ತಾರು. ಅವುಗಳಿಗೆ ಆ ಉಪಾಯ ನಡೆಯದು. ಕಡತದಲ್ಲಿ ನಿಜವಾದ ನೂರ ಐದೂ ಇತ್ತು, ನೂರ ಐದರ ವೇಷ ಹಾಕಿದ ಒಂದು ಲಕ್ಷವೂ ಇತ್ತು. ಯಾವುದು ಯಾವುದೆಂದು ಪೆನ್ಸಿಲ್ಲಿಗೆ ಮಾತ್ರ ಗೊತ್ತು.

"ಓದಮ್ಮಾ," ಎಂದರು ಟೈಪಕ್ಕ.

ಮೇಡಂ ಹಾಳೆ ಮಗುಚುತ್ತಾ ಓದಿದರು. "ಪುಟ ನಲವತ್ತು. ಎರಡನೇ ಸಾಲು, ಮೂರು ಮೇಲೆ." ಟೈಪಕ್ಕ ಅಂಕಿ ಹಿಡಿದು, ಕೀಲಿ ಒತ್ತಿ, "ಏರ್ತು" ಎನ್ನುತ್ತಿದ್ದರು. ಎಡಗೈ ಗಾಳಿಯಲ್ಲಿ ತಿರುವುತ್ತಲೇ ಇತ್ತು. ಮೂರು ಗಂಟೆಗೆ ತೊಂಬತ್ತು ಏರಿದ್ದವು. ಮೂರೂವರೆಗೆ ನೂರ ಎಪ್ಪತ್ತು. ಪ್ರೊಫೆಸರ್ ಐದೈದು ನಿಮಿಷಕ್ಕೆ ಗಡಿಯಾರ ನೋಡಿ ಗಟ್ಟಿಯಾಗಿ ಟೈಮ್ ಹೇಳಿ ಸಹಾಯ ಮಾಡಿದರು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮೇಡಂ, "ಮುಗೀತು ಅಕ್ಕಾ!" ಎಂದರು. ಯಜಮಾನರು ಮುದ್ರಣ ಯಂತ್ರಕ್ಕೆ ಕಾಗದ ತುಂಬಿ ಸಿದ್ಧವಾಗಿದ್ದರು. ಟೈಪಕ್ಕ ಮೇಲೇರಿದ ಅಂಕಿಗಳನ್ನೆಲ್ಲ ಹುಡುಕಿ ಎಣಿಸಲು ಕಂಪ್ಯೂಟರಿಗೆ ಹೇಳಿದರು. ಉತ್ತರ: ಇನ್ನೂರ ನಲವತ್ತೈದು.

"ಒಂದು ಕಮ್ಮಿ."

"ಒಂದು ತಾನೇ," ಎಂದರು ಪ್ರೊಫೆಸರ್.

"ಅಕ್ಕಾ, ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಪ್ರಿಂಟ್ ಕೊಡಿ," ಎಂದರು ಮೇಡಂ. ಕಣ್ಣು ತುಂಬಿತ್ತು. ಯಜಮಾನರೂ ಗಡಿಯಾರದತ್ತ ಹುಬ್ಬು ಹಾರಿಸಿದರು.

ಟೈಪಕ್ಕನ ಕಣ್ಣೂ ಗಡಿಯಾರಕ್ಕೆ ಹೋಯಿತು. ಈ ಹೆಣ್ಣುಮಗಳ ಆರು ವರ್ಷ ತನ್ನ ಹಟದಿಂದ ಬಾಗಿಲ ಹೊರಗೆ ಉಳಿದರೆ? ಮುದ್ರಣ ಶುರುಮಾಡಿಸಿ ಆಮೇಲೆ ಹುಡುಕೋಣವೆಂದರೆ, ನಡುವಿನ ಒಂದು ಪುಟಕ್ಕಾಗಿ ನಾಲ್ಕೂ ಪ್ರತಿಯ ಬೈಂಡಿಂಗ್ ಬಿಚ್ಚಬೇಕು. ಅವರು ಕಾಗದದ ಕಂತೆಯನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಅಂಚನ್ನು ಜಾರಿಸುತ್ತಾ ಹೋದರು. ನಾಲ್ಕೂ ಮೂರು. ನಾಲ್ಕೂ ಐದು. ಒಂದು ಕಡೆ ಹಾಳೆ ದಪ್ಪ ಅನ್ನಿಸಿತು.

ಎರಡು ಹಾಳೆ ಅಂಟಿಕೊಂಡಿದ್ದವು. ಉಗುರು ಹಾಕಿ ಬಿಡಿಸಿದರೆ ನಡುವೆ ಒಣಗಿದ ಗೋಂದು, ಅದರಲ್ಲಿ ಯಜಮಾನರ ಬೆರಳಚ್ಚು.

"ಮೊನ್ನೆ ಎತ್ತಿಟ್ಟಿದ್ದು ನಾನೇ," ಎಂದು ಯಜಮಾನರು ತಪ್ಪೊಪ್ಪಿಕೊಂಡರು.

ಒಳಗಿದ್ದದ್ದು ಒಂದೇ ಒಂದು ಕೆಂಪು ಸುತ್ತು. ಉಪಸಂಹಾರದ ಪುಟ. ಶಾಲೆಯ ಪಕ್ಕದ ತೊಟ್ಟಿಯ ಪ್ರತಿ ಮಿಲಿಲೀಟರ್ ನೀರಿನಲ್ಲಿ ಇರುವ ರೋಗಾಣುಗಳು: 10⁵. ಚಪ್ಪಟೆಯಾಗಿ ಹೋಗಿದ್ದರೆ ಒಂದು ಲಕ್ಷ ರೋಗಾಣು ನೂರ ಐದಕ್ಕೆ ಇಳಿದು, ಆರು ವರ್ಷದ ಮಾತೆಲ್ಲ ಒಂದೇ ಸಾಲಿನಲ್ಲಿ ಸುಳ್ಳಾಗುತ್ತಿತ್ತು. ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟು, "ಐದು ಮೇಲೆ," ಎಂದರು.

"ಏರ್ತು," ಎಂದರು ಟೈಪಕ್ಕ. "ರೀ, ಹೊಡೀರಿ ಪ್ರಿಂಟು."

ಗೋಂದು ಪೂರ್ತಿ ಒಣಗಲಿಲ್ಲ. ನಾಲ್ಕೂ ಐವತ್ತೊಂದಕ್ಕೆ, ಬಿಸಿ ಪ್ರತಿಗಳನ್ನು ಮಗುವಿನಂತೆ ಎದೆಗವಚಿಕೊಂಡು ಮೇಡಂ ರಸ್ತೆ ದಾಟಿದರು. ಐದಕ್ಕೆ ಮೂರು ನಿಮಿಷವಿರುವಾಗ ಎದುರಿನ ಕಚೇರಿಯ ಮೆಟ್ಟಿಲ ಮೇಲೆ ಅವರು ಕಾಣಿಸಿಕೊಂಡು, ಮೊಹರು ಬಿದ್ದ ರಸೀದಿಯನ್ನು ತಲೆಯ ಮೇಲೆತ್ತಿ ಬೀಸಿದರು.

ಪ್ರೊಫೆಸರ್ ಸ್ಟೂಲಿನಿಂದೆದ್ದು, ಕೋಟಿನ ಗುಂಡಿ ಹಾಕಿಕೊಂಡು, ಎಲ್ಲವೂ ತಮ್ಮ ಮಾರ್ಗದರ್ಶನದಲ್ಲೇ ನಡೆಯಿತೆಂಬಂತೆ ನಿಟ್ಟುಸಿರು ಬಿಟ್ಟರು.

"ಅಂತೂ ಮಾಡಿ ಮುಗಿಸಿದ್ವಿ. ಅಲ್ಲಮ್ಮಾ, ಅಷ್ಟು ಹೊತ್ತೂ ನಿಮಗೆ ಒಂಚೂರೂ ಭಯ ಆಗ್ಲಿಲ್ವಾ?"

ಟೈಪಕ್ಕ ಕೆಂಪು ಪೆನ್ಸಿಲಿನ ಮೊನೆ ಚೂಪು ಮಾಡುತ್ತಿದ್ದರು, ತಲೆ ಎತ್ತಲಿಲ್ಲ.

"ಆಗ್ತಾನೇ ಇತ್ತು ಸರ್. ನೀವು ಇಲ್ಲೇ ಇದ್ರಲ್ಲ."