ಕಣ್ಣು ಬಿಟ್ಟ ಫೋಟೋ

ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಸ್ಕೂಟಿ ಮೇಲೆ ಒಬ್ಬಳೇ ಊರೂರು ತಿರುಗುವ ಹೆಂಗಸನ್ನು ಯಾರೂ ನಂಬುವುದಿಲ್ಲ. ದೇವದುರ್ಗದ ಕಡೆ ಗುಡ್ಡದ ಫೋಟೋ ತೆಗೆದರೆ ಕ್ವಾರಿಯವರು ಕಳಿಸಿದ್ದಾರೆ ಅನ್ನುತ್ತಾರೆ. ಮಾನ್ವಿ ಕಡೆ ಗದ್ದೆ ತೆಗೆದರೆ ಸರ್ವೆಯವಳು ಅನ್ನುತ್ತಾರೆ. ರಾಯಚೂರಿನ ನನ್ನ ಸ್ಟುಡಿಯೋಕ್ಕೆ ತಾವಾಗಿಯೇ ಬಂದವರೂ ಹೋಗುವಾಗ "ನಂದು ಎಲ್ಲ್ಯಾರ ಹಾಕಿಗೀಕೀರಿ ಮತ್ತ" ಎಂದು ಎಚ್ಚರಿಸಿ ಹೋಗುತ್ತಾರೆ. ಹೋಗಲಿ, ನಾನೇನು ಕಡಿಮೆಯಾ? ಯಾರಾದರೂ ಕರೆದು ಚಹಾ ಕೊಟ್ಟರೆ, ಯಾಕೆ ಕೊಟ್ಟರು ಎಂದು ಯೋಚಿಸಿಯೇ ಕುಡಿಯುವವಳು ನಾನು.

ಆ ವರ್ಷ ಒಬ್ಬ ಅಕ್ಕಿ ಗಿರಣಿ ಸಾಹುಕಾರರಿಗೆ ಕ್ಯಾಲೆಂಡರ್ ಮಾಡಿಕೊಡಬೇಕಿತ್ತು. ಮಳೆಗಾಲ, ಚಳಿಗಾಲ, ಬೇಸಿಗೆ, ಎಲ್ಲ ನಮ್ಮ ಜಿಲ್ಲೆಯವೇ ಆಗಬೇಕೆಂದು ಅವರ ಹಟ. ಶ್ರಾವಣದಲ್ಲಿ ಕಲ್ಲೂರಿನ ಕಾಲುವೆ ದಂಡೆಯ ಮೇಲೆ ನಿಂತು ನಾಟಿ ಮಾಡುವುದನ್ನು ತೆಗೆಯುತ್ತಿದ್ದೆ. ಗದ್ದೆಯೊಡತಿ ಕೆಸರುಗಾಲಲ್ಲೇ ನನ್ನ ಕಡೆ ಬಂದಳು.

"ಯಾರ್ರಿ ನೀವು? ಎದಕ್ಕ ತಗ್ಯಾಕತ್ತೀರಿ?"

"ಕ್ಯಾಲೆಂಡರಿಗ್ರಿ."

"ಯಾವ ಕ್ಯಾಲೆಂಡರ್? ತೋರಸ್ರಿ ನೋಡೂನು."

ಕ್ಯಾಮೆರಾದಲ್ಲಿದ್ದ ಚಿತ್ರಗಳನ್ನು ತೋರಿಸಿದೆ. ಎಲ್ಲ ನೋಡಿದ ಮೇಲೂ ಹೋಗಲಿಲ್ಲ. ಹಿಂದೆ ಮುಂದೆ ಯಾರಿಲ್ಲ ಎಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು.

"ಅಕ್ಕಾರ, ನಮ್ಮತ್ತಿದೊಂದು ಫೋಟೋ ತಗೀರಿ. ನಾ ಹೇಳೀನಿ ಅಂತ ಮಾತ್ರ ಅಕಿಗೆ ಗೊತ್ತಾಗಬಾರದು."

ಬಂತಲ್ಲಪ್ಪ ಅಂದುಕೊಂಡೆ! ಅತ್ತೆಗೆ ಗೊತ್ತಾಗದಂತೆ ಅತ್ತೆಯ ಫೋಟೋ ಸೊಸೆಗೆ ಯಾಕೆ ಬೇಕು? ಗದ್ದೆ ಮುದುಕಿಯ ಹೆಸರಲ್ಲಿರಬೇಕು. ಇವತ್ತು ಫೋಟೋ, ನಾಳೆ ಹೆಬ್ಬೆಟ್ಟು. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ, ಕೇಳಿಯೇಬಿಟ್ಟೆ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಗದ್ದಿ ನನ್ನ ಗಂಡನ ಹೆಸರಿಲೆ ಅದ. ನಮ್ಮ ಮನಿ ಗ್ವಾಡಿಗೆ ಮಾವನ ಫೋಟೋ ಅದ, ಕಣ್ಣು ಮುಚ್ಚಿದ್ದು. ಈಗ ತಿಳೀತೇನು?"

ತಿಳಿಯಿತು. ನಮ್ಮಲ್ಲಿ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದ ಹಿರಿಯರಾದರೆ ಆಗ ನನಗೆ ಫೋನ್ ಬರುತ್ತದೆ. ಗಲ್ಲಕ್ಕೆ ಕಟ್ಟಿದ ಬಟ್ಟೆ ಕಾಣದಂತೆ ತೆಗೆದುಕೊಡುತ್ತೇನೆ. ಆ ಫೋಟೋವೇ ಗಾಜಿನ ಕಟ್ಟು ಹಾಕಿಸಿಕೊಂಡು ಗೋಡೆಗೇರುತ್ತದೆ.

"ನಮ್ಮತ್ತಿಗೆ ದಮ್ಮು ಭಾಳ ಆಗ್ಯಾದ," ಎಂದಳು ಸೊಸೆ. "ಮೊಬೈಲ್ ಹಿಡದ್ರ ಸೆರಗು ಎಳಕೋತಾಳ. ನನಗ ಹಾರ ಹಾಕಾಕ ಅಷ್ಟು ಅವಸರೇನು ಅಂತಾಳ. ಆಧಾರ್ ಕಾರ್ಡಿನಾಗ ನೋಡಿದ್ರ ಅಕಿ ಯಾರೋ ಏನೋ. ನಾಳೆ ಅಕಿದೂ ಕಣ್ಣು ಮುಚ್ಚಿದ್ದೇ ಆಗ್ತದ್ರಿ."

ಪೂರ್ತಿ ನಂಬಲಿಲ್ಲ. ಫೋನ್ ನಂಬರು ತೆಗೆದುಕೊಂಡು, ರಾಶಿ ಹೊತ್ತಿಗೆ ಬರುತ್ತೇನೆ ಎಂದಷ್ಟೇ ಹೇಳಿ ಸ್ಕೂಟಿ ಹತ್ತಿದೆ.

ಚಳಿಗಾಲಕ್ಕೆ ಅವರ ಮನೆಗೆ ಹೋದೆ. ಮುದುಕಿ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ತೊಗರಿ ಹಸನು ಮಾಡುತ್ತಿದ್ದಳು. ಭತ್ತದ ರಾಶಿ ಫೋಟೋಕ್ಕೆ ಬಂದವಳು, ಒಂದಿಷ್ಟು ನೀರು ಕೊಡಿ ಎಂದೆ. ನೀರು ಆಮೇಲೆ, ಮೊದಲು ವಿಚಾರಣೆ. ಯಾವೂರು, ಯಾರ ಪೈಕಿ, ಗಂಡ ಎಲ್ಲಿ, ಹೀಗೆ ಒಬ್ಬಳೇ ತಿರುಗಲು ಅವನು ಹೇಗೆ ಬಿಟ್ಟ? ಪೊಲೀಸರು ಕೂಡ ಇಷ್ಟು ಕೇಳುವುದಿಲ್ಲ. ಕ್ಯಾಮೆರಾ ಕಣ್ಣಿಗೆ ಬಿದ್ದದ್ದೇ ತಡ, ಸೆರಗು ಮೂಗಿನ ತನಕ ಇಳಿಯಿತು.

"ನಮ್ಮ ಸೊಸಿ ಕಳಿಸ್ಯಾಳೇನು ನಿನ್ನ?"

"ಯಾವ ಸೊಸಿ ಯವ್ವಾ? ನನಗ್ಯಾರೂ ಗೊತ್ತಿಲ್ಲ."

ಒಳಗೆ ಅಡುಗೆಮನೆಯಲ್ಲಿ ಬಳೆಯ ಸದ್ದು ನಿಂತುಹೋಯಿತು. ಮುದುಕಿ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

"ನಿನಗ ಗೊತ್ತಿಲ್ಲ ಬೇ. ಬೆಲ್ಲದ ಡಬ್ಬಿ ಜಾಗ ಬದಲ್ ಮಾಡ್ಯಾಳ. ಕೇಳಿದ್ರ ಇರಿವಿ ಬರ್ತಾವ ಅಂತಾಳ. ಯಾವ ಇರಿವಿ? ನನಗ ಕಾಣಲಾರದ ಇರಿವಿ!"

ಅಷ್ಟರಲ್ಲಿ ಒಳಗೆ ಢಣ್ಣೆಂದು ತಟ್ಟೆ ಬಿತ್ತು. ಮುದುಕಿ ಗಕ್ಕನೆ ಬಾಗಿಲ ಕಡೆ ತಿರುಗಿದಳು. ಸೆರಗು ಜಾರಿತು. ಗಲ್ಲ ಮೇಲೆದ್ದಿತು, ಎರಡೂ ಕಣ್ಣು ಅಗಲವಾದವು.

"ಏನ್ ಬಿತ್ತದು? ಬೆಲ್ಲದ ಡಬ್ಬಿಗೆ ಕೈ ಹಾಕಿದೇನು?"

ನನ್ನ ಬೆರಳು ಸುಮ್ಮನಿರಲಿಲ್ಲ.

ಕ್ಯಾಮೆರಾದ ಸದ್ದಿಗೆ ಮುದುಕಿ ಈ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದಳು. ನನ್ನನ್ನು, ನನ್ನ ಗಂಡನನ್ನು, ರಾಯಚೂರನ್ನೇ. ಬೈದು ದಮ್ಮು ಹತ್ತಿದ ಮೇಲೆ ಅವಳ ಮುಂದೆ ಕ್ಯಾಮೆರಾ ಹಿಡಿದೆ. ಬೇಡವೆಂದರೆ ನಿಮ್ಮೆದುರೇ ಅಳಿಸುತ್ತೇನೆ ಎಂದೆ. ಬಹಳ ಹೊತ್ತು ನೋಡಿದಳು.

"ಕಣ್ಣು ಬಿಟ್ಟೀನಲ್ಲ," ಅಂದಳು. ದನಿ ಮೆತ್ತಗಾಗಿತ್ತು. "ನಮ್ಮವರದು ನೋಡು, ಗ್ವಾಡಿ ಮ್ಯಾಲ ಮಕ್ಕೊಂಡೇ ಅದಾರ. ಅಳಿಸಬ್ಯಾಡ. ಕಟ್ಟು ಹಾಕಿಸಿ ನಿನ್ನ ಹತ್ರನ ಇಟಗೋ. ನಾ ಹ್ವಾದ ದಿನ ತಗೊಂಡು ಬಾ. ಅಡಗಿಮನಿ ಬಾಗಲಾ ಕಾಣೂವಂಗ ಹಾಕಬೇಕು. ಇಕಿ ಏನ್ ಮಾಡ್ತಾಳ ಅಂತ ನಾ ನೋಡ್ತಿರಬೇಕು. ಇಕಿಗೆ ಈಗ ಹೇಳಿದಿ ಅಂದ್ರ ನೋಡು!"

ಅವಳ ಗುಟ್ಟು ಇವಳಿಗೆ ಹೇಳುವಂತಿಲ್ಲ, ಇವಳ ಗುಟ್ಟು ಅವಳಿಗೆ ಹೇಳುವಂತಿಲ್ಲ. ಒಳ್ಳೆ ಪೇಚಾಟ ನನ್ನದು. ಸೊಸೆಗೆ ಕೆಲಸವಾಯಿತು ಎಂದಷ್ಟೇ ಫೋನ್ ಮಾಡಿ ಹೇಳಿದೆ. ಕಟ್ಟು ಹಾಕಿಸಿದ ಫೋಟೋ ಸ್ಟುಡಿಯೋದಲ್ಲಿ ಕೂತಿತು. ಬಂದ ಗಿರಾಕಿಗಳೆಲ್ಲ ಅದರತ್ತ ನೋಡಿ ತಾವೇನು ತಪ್ಪು ಮಾಡಿದೆವೋ ಅನ್ನುವ ಹಾಗೆ ಮುದುಡಿಕೊಳ್ಳುತ್ತಿದ್ದರು.

ಬೇಸಿಗೆಯಲ್ಲಿ ದೇವದುರ್ಗದ ಗುಡ್ಡದ ಕೆಳಗೆ ಬಿಸಿಲಿಗೆ ಬೈಯುತ್ತ ನಿಂತಿದ್ದಾಗ ಫೋನ್ ಬಂತು. "ಅತ್ತಿ ಹ್ವಾದಳ್ರಿ ಅಕ್ಕಾರ." ಸ್ಕೂಟಿ ತಿರುಗಿಸಿದೆ. ರಾಯಚೂರಿಗೆ ಬಂದು ಆ ಫೋಟೋ ತೆಗೆದುಕೊಂಡು ಕಲ್ಲೂರಿಗೆ ಹೋದೆ.

ಮುದುಕಿಯನ್ನು ಕೂಡಿಸಿದ್ದರು. ವಿಭೂತಿ, ಹಾರ, ಮುಚ್ಚಿದ ಕಣ್ಣು. ಅವಳ ಮಗ ನನ್ನನ್ನು ನೋಡಿದ್ದೇ "ಲಗೂನ ತಗೀರಿ, ಹೊತ್ತಾಗ್ತದ" ಎಂದ. ನಾನು ಕ್ಯಾಮೆರಾ ಹೊರತೆಗೆಯಲಿಲ್ಲ, ಕಟ್ಟು ಹಾಕಿಸಿದ ಫೋಟೋ ತೆಗೆದು ತೋರಿಸಿದೆ. ಇಡೀ ಪಡಸಾಲೆ ನನ್ನನ್ನೇ ದುರುಗುಟ್ಟಿ ನೋಡಿತು. ಯಾವಾಗ ತೆಗೆದಿರಿ? ಯಾರು ಹೇಳಿದರು? ನಿಮಗೇನು ಸಂಬಂಧ?

"ನಾ ಹೇಳೀನಿ," ಎಂದಳು ಸೊಸೆ, ಅಡುಗೆಮನೆಯ ಬಾಗಿಲಿಂದ.

"ನಿಮ್ಮತ್ತೀನೂ ಹೇಳ್ಯಾಳ," ಎಂದು ಎಲ್ಲಿ ಹಾಕಬೇಕೆಂದು ತೋರಿಸಿದೆ. ಯಾಕೆ ಎಂಬುದನ್ನೂ ಹೇಳಿದೆ. ಸೊಸೆ ಆ ಕಣ್ಣುಗಳನ್ನು ನೋಡಿದಳು. ಮೊದಲು ನಗು ಬಂತು ಅವಳಿಗೆ, ಆ ನಗುವಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮಳೆಗಾಲಕ್ಕೆ ಮತ್ತೆ ಆ ಕಡೆ ಹೋದಾಗ ಚಹಾಕ್ಕೆ ಕರೆದಳು. ನನ್ನ ಅನುಮಾನ ಎಲ್ಲಿ ಬಿಡುತ್ತದೆ! ಅವತ್ತು ತಟ್ಟೆ ತಾನಾಗಿ ಬಿತ್ತಾ ಎಂದು ಕೇಳಿದೆ.

"ನಾನೇ ಕೆಡವೀನ್ರಿ," ಎಂದಳು, ಚಹಾದ ನೀರಿಡುತ್ತ. "ನನ್ನ ಮ್ಯಾಲ ಸಂಶೆ ಬಂದ್ರನ ಅಕಿ ಅಷ್ಟು ಚಂದಾಗಿ ಕಣ್ಣು ಬಿಡ್ತಿದ್ದಳು. ಬೈಲಾರದ ಅತ್ತಿ ಫೋಟೋ ತಗೊಂಡು ನಾ ಏನ್ ಮಾಡ್ಲಿ?"

ಬೆಲ್ಲದ ಡಬ್ಬಿ ಮುಚ್ಚಳ ತೆಗೆದಳು. ಕೈ ಒಳಗೆ ಹಾಕುವ ಮೊದಲು ತಿರುಗಿ ಗೋಡೆಯ ಕಡೆ ನೋಡಿದಳು.

"ಚಾಕ್ಕ ಅತ್ತಿ, ಚಾಕ್ಕ. ರಾಯಚೂರಿಂದ ಮಂದಿ ಬಂದಾರ."