ಪುಟ್ಟಯ್ಯನ ಮೌನವ್ರತ

ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಪುಟ್ಟಯ್ಯ ನಡೆಸುವ ಲೇತ್ ಎಷ್ಟು ಹಳೆಯದೆಂದರೆ, ಭದ್ರಾ ಹೊಳೆ ಹುಟ್ಟಿದ ದಿನ ಅದು ರಿಪೇರಿಗೆ ನಿಂತಿತ್ತು. ಅಳತೆಯ ಗೆರೆಗಳೆಲ್ಲ ಸವೆದುಹೋಗಿವೆ. ಕಬ್ಬಿಣದ ಪೀಸಿನಲ್ಲಿ ಕೊರೆಯುವ ತೂತು ಎಷ್ಟು ಆಳವಾಯಿತೆಂದು ತಿಳಿಯಬೇಕಾದರೆ ಕೈಚಕ್ರದ ಸುತ್ತುಗಳನ್ನು ಮನಸ್ಸಿನಲ್ಲೇ ಎಣಿಸಬೇಕು. ಹದಿನೇಳು ಸುತ್ತು. ಹದಿನೆಂಟಾಯಿತೋ, ಪೀಸು ಗುಜರಿಗೆ.

ಎಣಿಸಲು ಬಿಡುವವರು ಯಾರು? ಐವತ್ತೇಳು ದಾಟಿದ ಹಿರಿಯನೆಂದು ಮಂಡಿನೋವಿನ ಎಣ್ಣೆಯಿಂದ ಹಿಡಿದು ಮಗಳ ಸಂಬಂಧದವರೆಗೆ ಎಲ್ಲದಕ್ಕೂ ಅವನನ್ನೇ ಕೇಳುತ್ತಿದ್ದರು. ಪಕ್ಕದ ಮಿಷನ್ನಿನ ಕಾಂತರಾಜ್ ಉಸಿರಾಡುವುದನ್ನು ಬಿಟ್ಟಾನು, ಮಾತು ಬಿಡಲಾರ. ಒಂದೇ ವಾರದಲ್ಲಿ ಏಳು ಪೀಸು ಹಾಳಾದವು. ಸೂಪರ್‌ವೈಸರ್ ಪರಮೇಶ್ ತಲೆ ತಗ್ಗಿಸಿಕೊಂಡು ಬಂದ.

“ಪುಟ್ಟಯ್ಯನೋರೇ, ಬರೋ ಶನಿವಾರಕ್ಕೆ ಕೊಡ್ಬೇಕಾದ ನೂರು ಪೀಸಲ್ಲಿ ಒಂದು ಕೆಟ್ರೂ ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ತಾರಂತೆ. ನನ್ನ ಕೈಲೇನಿಲ್ಲ.”

ಮೂವತ್ತೈದು ವರ್ಷ ಕಬ್ಬಿಣ ಕೊರೆದವನು ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸುವುದೇ? ಪುಟ್ಟಯ್ಯ ಫೋನನ್ನು ಊಟದ ಚೀಲಕ್ಕೆ ಹಾಕಿದ. ಜನ ಆಫೀಸಿಗೆ ಫೋನ್ ಮಾಡಿ ಕರೆಸಿದರು. ‘ಮಾತನಾಡಿಸಬೇಡಿ’ ಎಂದು ಹಲಗೆಯ ಮೇಲೆ ಬರೆದಿಟ್ಟ. ಯಾಕೆ ಹಾಗೆ ಬರೆದಿರಿ ಎಂದು ಕೇಳಲು ಇಡೀ ಶೆಡ್ಡೇ ಸಾಲುಗಟ್ಟಿತು. ಸೋಮವಾರ ಬೆಳಿಗ್ಗೆ ಬೇಸತ್ತು, ಶನಿವಾರದವರೆಗೆ ಕೆಲಸದ ಹೊತ್ತಿನಲ್ಲಿ ತನಗೆ ಮೌನವ್ರತ, ಮನೆದೇವರ ಹರಕೆ ಎಂದುಬಿಟ್ಟ.

ಕೆಲಸವಿದೆ ಎಂದರೆ ಕೇಳದವರು ವ್ರತ ಎಂದೊಡನೆ ಹಿಂದೆ ಸರಿದರು. ಕಾಂತರಾಜ್ ಅವನ ಮಿಷನ್ ದಾಟುವಾಗ ಬೂಟು ಕೈಯಲ್ಲಿ ಹಿಡಿದು ನಡೆದ. ದೇವರ ಹೆಸರಲ್ಲಿ ಸುಳ್ಳು ಹೇಳಿದೆನಲ್ಲ ಎಂಬ ಹೆದರಿಕೆಗೆ ಪುಟ್ಟಯ್ಯ ನಿಜವಾಗಿಯೇ ತುಟಿ ಬಿಚ್ಚಲಿಲ್ಲ. ಶನಿವಾರ ಹನ್ನೊಂದರ ಹೊತ್ತಿಗೆ ತೊಂಬತ್ತೊಂಬತ್ತು ಪೀಸು ಸರಿಯಾಗಿ ಇಳಿದಿದ್ದವು.

ನೂರನೆಯದರ ಹತ್ತನೇ ಸುತ್ತಿಗೆ ಹೆಂಡತಿ ಈಶ್ವರಮ್ಮ ಎದುರಿಗೆ ನಿಂತಿದ್ದಳು. ಹರಕೆಯ ಸುದ್ದಿ ಕಾಂತರಾಜನ ಹೆಂಡತಿಯ ಬಾಯಿಂದ ಜನ್ನಾಪುರದ ಮನೆಗೆ ಮುಟ್ಟಿತ್ತು. ಗಂಡ ಯಾವುದೋ ದೊಡ್ಡ ಕಾಯಿಲೆ ಮುಚ್ಚಿಟ್ಟು ದೇವರಿಗೆ ಹೇಳಿಕೊಂಡಿದ್ದಾನೆಂದು ಬಸ್ಸು ಹತ್ತಿ ಬಂದಿದ್ದಳು.

“ಏನ್ರೀ ಆಗಿದೆ ನಿಮ್ಗೆ? ಡಾಕ್ಟ್ರು ಏನಂದ್ರು? ನಂಗೂ ಹೇಳ್ಬಾರ್ದಾ?”

ಹನ್ನೊಂದು. ಬಾಯಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹನ್ನೆರಡು. ಅವಳ ಕಣ್ಣು ತುಂಬಿತು. ಹದಿಮೂರು. ಪುಟ್ಟಯ್ಯ ಎಡಗೈ ಚಾಚಿ, ಎಣ್ಣೆಮಸಿಯೊಡನೆಯೇ ಅವಳ ಮುಂಗೈ ಹಿಡಿದುಕೊಂಡ. ಬಲಗೈ ಚಕ್ರ ತಿರುಗಿಸುತ್ತಲೇ ಇತ್ತು. ಉಳಿದ ನಾಲ್ಕು ಸುತ್ತಿಗೆ ನಾಲ್ಕು ಯುಗ ಹಿಡಿಯಿತು. ಹದಿನೇಳಕ್ಕೆ ಮಿಷನ್ ನಿಲ್ಲಿಸಿ ಅಳತೆ ನೋಡಿದ. ಸರಿಯಾಗಿತ್ತು.

“ಕಾಯಿಲೆ ಏನಿಲ್ಲ ಮಾರಾಯ್ತಿ. ಎಣಿಸ್ತಿದ್ದೆ.”

ಮೌನ ಮುರಿಯಿತೆಂದು ಶೆಡ್ಡಿಗೆಲ್ಲ ತಿಳಿಯಿತು. ಐದು ದಿನದ ಮಾತನ್ನು ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ಕಾಂತರಾಜ್ ಸ್ಟೂಲು ಎಳೆದುಕೊಂಡು ಬಂದ. ಪರಮೇಶ್ ನೂರನ್ನೂ ನೋಡಿ, ಲೇತ್ ನಿಮ್ಮದೇ ಎಂದ. ಸೋಮವಾರದಿಂದ ಐನೂರು ಪೀಸು ಎಂದೂ ಸೇರಿಸಿದ.

ಪುಟ್ಟಯ್ಯ ಹೆಂಡತಿಯ ಕಡೆ ತಿರುಗಿ, ಎಲ್ಲಕ್ಕಿಂತ ಉದ್ದದ ವ್ರತ ಯಾವ ದೇವರದೆಂದು ಮೆಲ್ಲಗೆ ಕೇಳಿದ.

“ಅದನ್ನ ಆಮೇಲೆ ನೋಡೋಣ,” ಎಂದಳು ಈಶ್ವರಮ್ಮ, ಸೆರಗಿನಲ್ಲಿ ಮಸಿ ಒರೆಸಿಕೊಳ್ಳುತ್ತ. “ಮೊದ್ಲು ಕೂತ್ಕೊಳ್ಳಿ.”